ಚುಕ್ಕಿ ಇಟ್ಟ ಡಿ: ಸೇಡಂಗೂ ಬೀದರಿಗೂ ಇರೋ ಫರಕು

ನಮಸ್ಕಾರ್ರಿ. ಸೇಡಂ, ವಾಡಿ, ಬೀದರ್, ಯಾದಗಿರಿ. ಈ ನಾಲ್ಕೂ ಹೆಸರು ಇಂಗ್ಲಿಷಿನಾಗ ಬರೀರಿ, ನಾಲ್ಕರಾಗೂ ಅದೇ ಡಿ ಬೀಳ್ತದ. ಬಾಯಿಲೆ ಅಂದು ನೋಡ್ರಿ. ಸೇಡಂ, ವಾಡಿ ಅನ್ನೋವಾಗ ನಾಲಿಗಿ ಮಡಚಿ ಅಂಗುಳಕ್ಕ ಹೋಗ್ತದ. ಬೀದರ್, ಯಾದಗಿರಿ ಅನ್ನೋವಾಗ ಹಲ್ಲಿಗಿ ತಾಕ್ತದ. ನಮಗ ಊರು ಗೊತ್ತದ, ಅದಕ್ಕ ತಪ್ಪಂಗಿಲ್ಲ. ವಾಡಿ ಜಂಕ್ಷನ್ನಿನಾಗ ಇಂಗ್ಲಿಷ್ ಬೋರ್ಡ್ ಅಷ್ಟೇ ಓದಿದ ಹೊರಗಿನವ ‘ವಾದಿ’ ಅಂದ್ರ ಅವನದೇನು ತಪ್ಪು?

ಇದಕ್ಕ ಒಂದು ಚುಕ್ಕಿ ಸಾಕು. ಡಿ ಕೆಳಗ ಚುಕ್ಕಿ ಇಟ್ರ ಡಕಾರ, ಇಡದಿದ್ರ ದಕಾರ. ಟಿ, ಎನ್, ಎಲ್ ಕೆಳಗ ಇಟ್ರ ಟ, ಣ, ಳ. ಭಾರತದ ಲಿಪಿಗಳಿಗಂತ 2001ರಾಗ ಬಂದ ಐಎಸ್‌ಒ 15919 ಮಾನಕ ಹೇಳೋದೂ ಇದೇ. ಮಳಖೇಡ ಹಿಂಗ ಬರದ್ರ ಎಲ್ ಕೆಳಗೊಂದು, ಡಿ ಕೆಳಗೊಂದು ಚುಕ್ಕಿ. ಅದರ ಸಂಸ್ಕೃತ ರೂಪ ಮಾನ್ಯಖೇಟದಾಗ ಟಿ ಕೆಳಗ ಚುಕ್ಕಿ. ಚುಕ್ಕಿ ಕಿತ್ತು ಹಾಕ್ರಿ, ಟಿ ಹೋಗಿ ಡಿ ಬಂತು ಅನ್ನೋದಷ್ಟೇ ಉಳೀತದ. ನಾಲಿಗಿ ಎರಡರಾಗೂ ಅದೇ ಜಾಗದಾಗ ನಿಂತದ ಅನ್ನೋದು ಕಾಣಂಗಿಲ್ಲ.

ಇಲ್ಲೀತನಕ ಸಸಾರ. ತೊಡಕು ಇರೋದು ಕಲಬುರಗಿ ಊರೊಳಗೇ. ಬಂದೇನವಾಜ್ ದರ್ಗಾದ ಸುತ್ತ ಇರೋ ರೋಜಾ ಪ್ರದೇಶ ತಗೋರಿ. ಉಪವಾಸದ ರೋಜಾ ಬ್ಯಾರೆ, ಇದು ಬ್ಯಾರೆ. ಇದರ ಮೂಲ ಅರಬ್ಬಿ ಶಬ್ದಕ್ಕ ತೋಟ ಅಂತ ಅರ್ಥ, ಫಾರ್ಸಿ-ಉರ್ದುವಿನಾಗ ಸಮಾಧಿ ಅಂತಾನೂ ಆಯ್ತು. ಅರಬ್ಬಿ ಲಿಪ್ಯಂತರದಾಗ ಇದರ ನಡುವ ಬರೋದೂ ಚುಕ್ಕಿ ಇಟ್ಟ ಡಿನೇ! ಅರಬ್ಬಿಯವರು ದಾದ್ ಅಂತಾರ, ಉರ್ದುವಿನಾಗ ಜ್ವಾದ್. ರಮಜಾನ್, ಖಾಜಿ ಎರಡರಾಗೂ ಅದೇ ಅಕ್ಷರ. ಅದು ನಮ್ಮ ಡ ಅಲ್ಲ, ನಾಲಿಗಿ ಬುಡ ಹಿಂದಕ್ಕ ಎಳದು ಭಾರ ಹಾಕಿ ಅನ್ನೋ ದ. ಫಾರ್ಸಿಯೊಳಗ ಅದು ಜ ಆಯ್ತು, ಅಲ್ಲಿಂದ ದಖನಿಗೂ ಹಂಗೇ ಬಂತು.

ಬಹಮನಿ ಶಾಸನದ ಲಿಪ್ಯಂತರ ಓದೋ ಕನ್ನಡಿಗ ಚುಕ್ಕಿ ನೋಡಿ ‘ರಮಡಾನ್’ ಅಂದ್ರ ನಗಬ್ಯಾಡ್ರಿ. ಅದೇ ಪುಟದಾಗ ಮಳಖೇಡದ ಡಿ ಕೆಳಗೂ ಅದೇ ಚುಕ್ಕಿ ಇರಬಹುದು. ಅದಕ್ಕ ನಾ ಹೇಳೋದು ಇಷ್ಟೇ: ಯಾವ ಭಾಷಾಕ್ಕ ಯಾವ ಪದ್ಧತಿ ಅಂತ ಮೊದಲ ಪುಟದಾಗೇ ಬರೀರಿ. ಅದು ಬರೀಲಾರದೆ ಇಟ್ಟ ಚುಕ್ಕಿ ಬರೇ ಅಲಂಕಾರ.

ಅಲ್ಜೀರಿಯಾದ ಕಬೈಲ್ ಮಂದಿ ತಮ್ಮ ಭಾಷಾ ಬರೆಯೋಕ ಈ ಚುಕ್ಕಿ ಇಟ್ಟ ಡಿ ದಿನಾ ಬಳಸ್ತಾರ, ಅದೂ ಅರಬ್ಬಿ ಕಡಿಗೇ ವಾಲಿದ ಭಾರದ ದನಿಗಿ. ನಮ್ಮ ಡ ಬೇಕಂದ್ರ ಘಾನಾ, ಟೋಗೋಗಿ ಹೋಗ್ರಿ. ಅಲ್ಲಿನ ಎವೆ ಭಾಷಾದಾಗ ಅದಕ್ಕ ಚುಕ್ಕಿ ಇಲ್ಲ, ಡಿಗಿ ಬಾಲ ಅದ. ವಿಯೆಟ್ನಾಮಿನಾಗ ಡಿಗಿ ಅಡ್ಡಗೆರಿ, ಕೆಳಗಿನ ಚುಕ್ಕಿ ಸ್ವರಕ್ಕಷ್ಟೇ, ಅದೂ ದನಿಯ ಏರಿಳಿತದ ಗುರುತು. ಮಜಾ ಏನಂದ್ರ ಎವೆ, ವಿಯೆಟ್ನಾಂ, ಐಸ್‌ಲ್ಯಾಂಡ್ ಮೂರರ ದೊಡ್ಡಕ್ಷರ ಕಣ್ಣಿಗಿ ಒಂದೇ ಥರ, ಕಂಪ್ಯೂಟರಿನಾಗ ಒಂದೊಂದು ಅಕ್ಷರಕ್ಕೂ ಸಂಕೇತ ಕೊಡೋ ಯೂನಿಕೋಡಿನಾಗ ಮೂರು ಬ್ಯಾರೆ ಸಂಕೇತ. ಕಂಡಲ್ಲಿಂದ ಕಾಪಿ ಮಾಡಿದ್ರ ಸಣ್ಣಕ್ಷರಕ್ಕ ತಿರುಗಿಸಿದಾಗ ಬಣ್ಣ ಬಯಲಾಗ್ತದ.

ಟೈಪ್ ಮಾಡೋದು ಹೆಂಗ? ವರ್ಡಿನಾಗ ಒಂದು, ಇ, ಸೊನ್ನೆ, ಡಿ ಒತ್ತಿ ಆಲ್ಟ್ ಜೋಡಿ ಎಕ್ಸ್ ಒತ್ರಿ. ದೊಡ್ಡಕ್ಷರಕ್ಕ ಕೊನೀಗಿ ಸಿ. ಎಡವೋದು ಇಲ್ಲೇ: ಹಿಂದಿನ ಅಕ್ಷರ ಎಯಿಂದ ಎಫ್ ಒಳಗ ಇದ್ರ ವರ್ಡ್ ಅದನ್ನೂ ಸಂಕೇತ ಅಂತ ನುಂಗ್ತದ. ವಾಡಿ ಬರೆಯೋವಾಗ ಎ ಮಾಯ ಆಗಿ ಖಾಲಿ ಡಬ್ಬಿ ಬಂದ್ರ ಕಾರಣ ಅದೇ. ಆ ನಾಕು ಅಷ್ಟೇ ಸೆಲೆಕ್ಟ್ ಮಾಡಿ ಒತ್ರಿ.

ಇನ್ನೊಂದು ದಾರಿ, ಸಾದಾ ಡಿ ಬರದು 0323 ಅನ್ನೋ ಬಿಡಿ ಚುಕ್ಕಿ ಅಂಟಿಸೋದು. ಕಣ್ಣಿಗಿ ಫರಕು ಇಲ್ಲ. ಆದ್ರ ಎಕ್ಸೆಲ್‌ನಾಗ ಅಕ್ಷರ ಎಣಿಸೋ ಸೂತ್ರ ಹಾಕ್ರಿ, ಮೊದಲಿನದಕ್ಕ 1 ಬರ್ತದ, ಇದಕ್ಕ 2. ಒಂದೇ ಪಟ್ಟಿಯೊಳಗ ಎರಡೂ ಬೆರೆತ್ರ ಹುಡುಕಿದ ಹೆಸರು ಕಣ್ಣೆದುರಿಗೇ ಇದ್ರೂ ಸಿಗದೆ ಹೋಗಬಹುದು. ಎಲ್ಲಾ ಎನ್‌ಎಫ್‌ಸಿ ರೂಪಕ್ಕ, ಅಂದ್ರ ಡಿ-ಚುಕ್ಕಿ ಕೂಡಿ ಒಂದೇ ಅಕ್ಷರ ಆಗೋ ರೂಪಕ್ಕ, ತಂದು ಆಮ್ಯಾಲ ಉಳಿಸ್ರಿ. ಪಾಸ್‌ಪೋರ್ಟಿನಂಥ ಕಡಿ ಚುಕ್ಕಿ ಬ್ಯಾಡ. ಅಲ್ಲಿ ಯಂತ್ರ ಓದೋ ಸಾಲಿನಾಗ ಹೆಸರಿಗಿ ಎಯಿಂದ ಝಡ್ ತನಕದ ಸಾದಾ ಅಕ್ಷರಕ್ಕಷ್ಟೇ ಜಾಗ.

ಹಳೀ ಪುಸ್ತಕ ಸ್ಕ್ಯಾನ್ ಮಾಡೋರಿಗಿ ಒಂದು ಮಾತು. ಝೆರಾಕ್ಸ್ ಪ್ರತಿಯೊಳಗ ಮೊದಲು ಹೋಗೋದು ಈ ಚುಕ್ಕಿ, ಬರೋದು ಧೂಳಿನ ಚುಕ್ಕಿ. ಚಿತ್ರದಾಗಿನ ಅಕ್ಷರ ಓದೋ ಓಸಿಆರ್‌ಗಿ ಎರಡರ ಫರಕು ತಿಳಿಯಂಗಿಲ್ಲ. ಮೂಲ ಪುಸ್ತಕಾನೇ ಇಟ್ಟು ಕಡಿಮಿ ಅಂದ್ರೂ 300 ಡಿಪಿಐಗಿ ತೆಗೀರಿ, ಆಮ್ಯಾಲ ಡಿ ಇರೋ ಊರ ಹೆಸರಷ್ಟೇ ಹೆಕ್ಕಿ ಕನ್ನಡ ಹೆಸರಿನ ಜೊತಿ ಒಂದೊಂದಾಗಿ ತಾಳಿ ನೋಡ್ರಿ.