ಬಂಪರ್ ಬಿಚ್ಚಿದ ಭಾನುವಾರ

ಕೇಳುಗರೇ, ನಮಸ್ಕಾರ.

ತುಮಕೂರಿನ ನಮ್ಮ ಮನೆ ಮುಂದೆ ಒಂದು ಚರಂಡಿ ಇದೆ. ಗಾಡಿ ದಾಟಲಿ ಅಂತ ಅದರ ಮೇಲೆ ಎರಡು ಚಪ್ಪಡಿ ಕಲ್ಲು ಹಾಸಿದ್ದೇವೆ. ಒಂದು ಕಲ್ಲಿನ ಅಂಚು ನಾಲ್ಕು ಬೆರಳಿನಷ್ಟು ಮೇಲೆದ್ದಿದೆ. ಸರಿ ಮಾಡಿಸಬೇಕು, ಸರಿ ಮಾಡಿಸಬೇಕು ಅಂತ ಎಷ್ಟೋ ವರ್ಷದಿಂದ ಹೇಳುತ್ತಲೇ ಇದ್ದೇನೆ. ಕಳೆದ ಮಳೆಗಾಲದ ಒಂದು ರಾತ್ರಿ ಕಾರನ್ನು ಸ್ವಲ್ಪ ಜಾಸ್ತಿಯೇ ಮುಂದಕ್ಕೆ ತಂದು ನಿಲ್ಲಿಸಿದೆ. ಬಂಪರಿನ ಕೆಳ ತುಟಿ ಆ ಕಲ್ಲನ್ನು ದಾಟಿ ಆಚೆ ಕಡೆ ಕೂತಿದ್ದು ಕತ್ತಲಲ್ಲಿ ಕಾಣಲಿಲ್ಲ. ಬೆಳಿಗ್ಗೆ ರಿವರ್ಸ್ ತೆಗೆದೆ. ಗಾಡಿ ಹಿಂದಕ್ಕೆ ಬಂತು. ಬಂಪರ್ ಬರಲಿಲ್ಲ.

ದೊಡ್ಡ ಸದ್ದೇನೂ ಆಗಲಿಲ್ಲ. ಅಂಗಿಯ ಟಿಚ್ ಬಟನ್ ಒಂದೊಂದೇ ಬಿಚ್ಚಿದ ಹಾಗೆ ಪಟ, ಪಟ, ಪಟ ಅಂದಿತು, ಅಷ್ಟೇ. ಇಳಿದು ನೋಡಿದರೆ ಬಂಪರಿನ ಒಂದು ಮೂಲೆ ನೆಲ ಮುಟ್ಟಿದೆ. ಫಾಗ್ ಲ್ಯಾಂಪಿನ ತೂತಿನಿಂದ ಚಕ್ರದವರೆಗೆ ಸೀಳಿ ಹೋಗಿದೆ. ಬಟ್ಟೆ ಒಣಗಿಸುವ ನೈಲಾನ್ ಹಗ್ಗದಲ್ಲಿ ಗ್ರಿಲ್ಲಿಗೆ ಕಟ್ಟಿಕೊಂಡು ಆಫೀಸಿಗೆ ಹೋದೆ.

ಆ ಪಟ ಪಟ ಸದ್ದು ಮಾತ್ರ ತಲೆಯಲ್ಲಿ ಉಳಿಯಿತು. ಇಷ್ಟು ದೊಡ್ಡ ವಸ್ತು ಟಿಚ್ ಬಟನ್ನಿನ ಮೇಲೆ ನಿಂತಿದೆಯಾ? ಹಾಗಾದರೆ ನಾನೇ ಯಾಕೆ ಹಾಕಬಾರದು? ನಾನು ಮೆಕ್ಯಾನಿಕ್ ಅಲ್ಲ. ಮನೆಯಲ್ಲಿ ಬಲ್ಬ್ ಬದಲಾಯಿಸುವುದು, ನಲ್ಲಿಗೆ ವಾಷರ್ ಹಾಕುವುದು, ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು.

ಅಂಬಾಸಿಡರ್, ಪದ್ಮಿನಿ ಕಾರುಗಳ ಕಾಲದಲ್ಲಿ ಬಂಪರ್ ಅಂದರೆ ಫಳಫಳ ಹೊಳೆಯುವ ಉಕ್ಕಿನ ಪಟ್ಟಿ. ಅದರ ಮೇಲೆ ಕಾಲಿಟ್ಟು ಶೂ ಲೇಸ್ ಕಟ್ಟಿಕೊಳ್ಳಬಹುದಿತ್ತು. ಈಗ ನಾವು ಬಂಪರ್ ಅನ್ನುವುದು ಪ್ಲಾಸ್ಟಿಕ್ಕಿನ ಮುಖವಾಡವನ್ನು. ಅದರ ಹಿಂಬದಿ ತಿರುಗಿಸಿ ನೋಡಿದರೆ ಸಾಮಾನ್ಯವಾಗಿ 'ಪಿಪಿ' ಅಂತ ಅಚ್ಚು ಹಾಕಿರುತ್ತಾರೆ. ಪಾಲಿಪ್ರೊಪಿಲೀನ್ ಅಂತ. ಪ್ಲಾಸ್ಟಿಕ್ ಬಕೆಟ್ ಮಾಡುವ ಅದೇ ಜಾತಿಯ ವಸ್ತು, ಸ್ವಲ್ಪ ರಬ್ಬರ್ ಬೆರೆಸಿರುತ್ತಾರೆ. ಡಿಕ್ಕಿಯ ಪೆಟ್ಟು ತಡೆಯುವುದು ಇದಲ್ಲ. ಒಳಗೆ ಗಾಡಿಯ ಚಾಸಿಗೆ ಬಿಗಿದ ಒಂದು ಅಡ್ಡ ತೊಲೆ ಇರುತ್ತದೆ. ಕೆಲವು ಗಾಡಿಗಳಲ್ಲಿ ಅದರ ಮುಂದೆ ಥರ್ಮಾಕೋಲ್ ತರಹದ ದಪ್ಪ ಫೋಮ್ ಇರುತ್ತದೆ. ನಿಜವಾದ ಕೆಲಸ ಅವುಗಳದ್ದು.

ಇದನ್ನು ಯಾಕೆ ಹೇಳಿದೆ ಅಂದರೆ, ಮನೆಯಲ್ಲೇ ಮಾಡುವ ಕೆಲಸವಾ ಅಲ್ಲವಾ ಅಂತ ತೀರ್ಮಾನ ಆಗುವುದೇ ಇಲ್ಲಿ. ಮುಖವಾಡ ಒಡೆದಿದ್ದರೆ ನಾವು ನೀವು ಬದಲಾಯಿಸಬಹುದು. ಒಳಗಿನ ತೊಲೆ ಬಾಗಿದೆಯಾ, ರೇಡಿಯೇಟರ್‌ನಿಂದ ನೀರು ಸೋರುತ್ತಿದೆಯಾ, ಬಾನೆಟ್ ಸರಿಯಾಗಿ ಮುಚ್ಚುತ್ತಿಲ್ಲವಾ, ಮೀಟರಿನಲ್ಲಿ ಏರ್‌ಬ್ಯಾಗ್ ದೀಪ ಉರಿಯುತ್ತಿದೆಯಾ? ಇದರಲ್ಲಿ ಒಂದಿದ್ದರೂ ಸ್ಪ್ಯಾನರ್ ಕೆಳಗಿಡಿ. ಅದು ವರ್ಕ್‌ಶಾಪಿನ ಕೆಲಸ. ನನ್ನ ಗಾಡಿಯಲ್ಲಿ ಇದ್ಯಾವುದೂ ಇರಲಿಲ್ಲ. ಕಲ್ಲು ಪೆಟ್ಟು ಕೊಟ್ಟಿರಲಿಲ್ಲ, ಎಳೆದಿತ್ತು ಅಷ್ಟೇ.

"ಇನ್ಶೂರೆನ್ಸ್ ಇದೆಯಲ್ಲ, ಕ್ಲೇಮ್ ಮಾಡಿ" ಅಂದರು ನಮ್ಮ ಮನೆಯವರು. ಕಾಗದ ಪೆನ್ನು ಹಿಡಿದು ಕೂತೆವು. ಬಂಪರಿಗೆ 3,000 ರೂಪಾಯಿ ಅಂತಿಟ್ಟುಕೊಳ್ಳಿ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಗಳಿಗೆ ಸವಕಳಿ ಅಂತ ಶೇಕಡಾ 50 ಕಡಿಯುತ್ತಾರೆ. ಉಳಿದದ್ದು 1,500. 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ 1,000 ರೂಪಾಯಿ ನಾವೇ ಹೊರಬೇಕು. ಬಂಪರಿನ ಬಾಬ್ತು ನಮ್ಮ ಕೈಗೆ ಬರುವುದು 500. ಬಣ್ಣ, ಕೂಲಿ ಸೇರಿದರೆ ಇನ್ನೊಂದಿಷ್ಟು. ಆದರೆ ನಾಲ್ಕು ವರ್ಷ ಕ್ಲೇಮ್ ಮಾಡದೆ ಗಳಿಸಿದ್ದ ಶೇಕಡಾ 45ರ ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂನಲ್ಲಿ ಸಿಗುತ್ತಿದ್ದ ರಿಯಾಯಿತಿ, ಮುಂದಿನ ವರ್ಷ ಸೊನ್ನೆಗೆ ಬರುತ್ತದೆ. ನಮ್ಮ ಮನೆಯವರು ಪೆನ್ನಿನ ಕ್ಯಾಪ್ ಮುಚ್ಚಿದರು. ಜೀರೋ ಡೆಪ್, ಅಂದರೆ ಸವಕಳಿ ಕಡಿಯದ ಪಾಲಿಸಿ ಇರುವವರ ಲೆಕ್ಕ ಬೇರೆ, ನೀವೊಮ್ಮೆ ಹಾಕಿ ನೋಡಿ.

ಹಳೆಯದನ್ನೇ ರಿಪೇರಿ ಮಾಡಬಹುದಿತ್ತಾ? ಬರೀ ತಗ್ಗು ಬಿದ್ದಿದ್ದರೆ ಖಂಡಿತ. ಕುದಿಯುವ ನೀರು ಹುಯ್ದು, ಪ್ಲಾಸ್ಟಿಕ್ ಮೆತ್ತಗಾದ ಕೂಡಲೇ ಹಿಂದಿನಿಂದ ಒತ್ತಿದರೆ ಎಷ್ಟೋ ತಗ್ಗುಗಳು ಎದ್ದು ಬರುತ್ತವೆ. ಕೈಗೆ ದಪ್ಪ ಗ್ಲೌಸ್ ಇರಲಿ. ಸಣ್ಣ ಸೀಳಿದ್ದರೆ ಕಾಯಿಸಿದ ಪಿನ್ನು ಚುಚ್ಚಿ ಬೆಸೆಯುವವರಿದ್ದಾರೆ. ನನ್ನದರಲ್ಲಿ ಹೋಗಿದ್ದು ಬೇರೆ. ಚಕ್ರದ ಪಕ್ಕ ಬಂಪರನ್ನು ಹಿಡಿದಿಡುವ ಕಿವಿಗಳು ಇರುತ್ತವೆ. ಅವೇ ಮುರಿದಿದ್ದವು. ಕಿವಿ ಹೋದ ಬಂಪರ್ ಎಷ್ಟು ಬೆಸೆದರೂ ಹಳ್ಳ ಬಂದಾಗಲೆಲ್ಲ ತಾಳ ಹಾಕುತ್ತದೆ.

ಹೀಗಾಗಿ ಒಂದು ಶನಿವಾರ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಕಾರಿನ ಬಿಡಿಭಾಗಕ್ಕೆ ಹೆಸರಾದ ರಸ್ತೆ. ಅಂಗಡಿಯವರು ಮೊದಲು ಕೇಳಿದ್ದು ದುಡ್ಡಿನ ಮಾತಲ್ಲ. "ಯಾವ ವರ್ಷದ ಗಾಡಿ? ಫಾಗ್ ಲ್ಯಾಂಪ್ ಇದೆಯಾ? ಆರ್‌ಸಿ ಇದೆಯಾ?" ಅಂದರು. ಒಂದೇ ಹೆಸರಿನ ಕಾರಿಗೆ ಎರಡು ಮೂರು ವರ್ಷಕ್ಕೊಮ್ಮೆ ಮುಖ ಬದಲಾಗಿರುತ್ತದೆ. ಬಣ್ಣ ಅದೇ, ಹೆಸರು ಅದೇ, ಬಂಪರ್ ಮಾತ್ರ ಬೇರೆ. ಅದಕ್ಕೇ ಆರ್‌ಸಿಯಲ್ಲಿರುವ ಚಾಸಿ ನಂಬರ್ ತೋರಿಸಿ ತಗೊಳ್ಳುವುದು ಕ್ಷೇಮ. ಕಂಪನಿಯದು ಬೇಕಾ, ಲೋಕಲ್ ಬೇಕಾ ಅಂದರು. ಲೋಕಲ್ 1,800ಕ್ಕೆ ಸಿಕ್ಕಿತು. ಹಳೇ ಗಾಡಿಗೆ ಸಾಕು ಅನ್ನಿಸಿತು. ಕ್ಲಿಪ್ಪುಗಳ ಒಂದು ಪೊಟ್ಟಣ ಬೇರೆ ಕೊಟ್ಟರು. ಹಳೇ ಕ್ಲಿಪ್ಪು ಅರ್ಧಕ್ಕರ್ಧ ಮುರಿಯುತ್ತವೆ, ಅದನ್ನು ಮರೆಯಬೇಡಿ.

ತರುವ ಸಂಭ್ರಮ ಮಾತ್ರ ಕೇಳಬೇಡಿ. ಬಂಪರ್ ಐದು ಅಡಿ ಉದ್ದ, ತೂಕವೇನೂ ಇಲ್ಲ. ಆಟೋದಲ್ಲಿ ಅಡ್ಡ ಹಿಡಿದು ಕೂತರೆ ಎರಡೂ ಕಡೆ ಆಚೆ ಬರುತ್ತದೆ. ಮೆಜೆಸ್ಟಿಕ್ಕಿನಲ್ಲಿ ಕಂಡಕ್ಟರ್ ನನ್ನನ್ನೂ ಅದನ್ನೂ ನೋಡಿ, "ಗಾಡಿ ಎಲ್ಲಿ ಸಾರ್, ಬರೀ ಮೂತಿ ತಂದಿದ್ದೀರಲ್ಲ" ಅಂದರು. ಲಗೇಜ್ ಟಿಕೆಟ್ ಹರಿದು, ಹಿಂದಿನ ಸೀಟಿನ ಹತ್ತಿರ ನಿಲ್ಲಿಸಿಕೊಳ್ಳಿ ಅಂದರು. ನೆಲಮಂಗಲದವರೆಗೆ ಅದನ್ನು ತಬ್ಬಿಕೊಂಡು ನಿಂತಿದ್ದೆ.

ಭಾನುವಾರ ಬೆಳಿಗ್ಗೆ ಕೆಲಸ ಶುರು. ಸಾಮಾನು ಏನು ಬೇಕು? 10ನೇ ನಂಬರ್ ಸ್ಪ್ಯಾನರ್, ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಂದು ಚಪ್ಪಟೆ ಸ್ಕ್ರೂಡ್ರೈವರ್. ನನ್ನ ಗಾಡಿಗೆ ಇಷ್ಟೇ ಸಾಕಾಯಿತು. ಇದರ ಜೊತೆ ಒಂದು ಹಳೇ ಕಂಬಳಿ ಮತ್ತು ಒಂದು ಇಡ್ಲಿ ತಟ್ಟೆ. ಇಡ್ಲಿ ತಟ್ಟೆ ನಮ್ಮ ಮನೆಯವರ ಉಪಾಯ. ಮೇಲಿನ ಸ್ಕ್ರೂ ಒಂದು ಗುಳಿಗೆ, ಎಡ ಚಕ್ರದ್ದು ಇನ್ನೊಂದು ಗುಳಿಗೆ, ಬಲ ಚಕ್ರದ್ದು ಮತ್ತೊಂದಕ್ಕೆ. ಎಲ್ಲ ಸ್ಕ್ರೂ ಒಂದೇ ಉದ್ದ ಇರುವುದಿಲ್ಲ, ಬೆರಕೆಯಾದರೆ ಕಷ್ಟ. ಪಿಯುಸಿ ಓದುವ ಮಗಳು ಪ್ರತಿಯೊಂದನ್ನೂ ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡಳು.

ಮೊದಲು ಬ್ಯಾಟರಿಯ ಮೈನಸ್ ವೈರ್ ಬಿಚ್ಚಿದೆ. ಫಾಗ್ ಲ್ಯಾಂಪಿನ ವೈರಿಗೆ ಕೈ ಹಾಕುವುದಿತ್ತಲ್ಲ. ಆಮೇಲೆ ಬಾನೆಟ್ ಎತ್ತಿದರೆ ಗ್ರಿಲ್ಲಿನ ಮೇಲೆ ಸಾಲಾಗಿ ಕ್ಲಿಪ್ಪುಗಳು. ಅಂಗಿಯ ಗುಂಡಿಯಷ್ಟು ದೊಡ್ಡವು, ನಡುವೆ ಒಂದು ಮೊಳೆ. ಮೊಳೆಯನ್ನು ಸ್ಕ್ರೂಡ್ರೈವರಿನ ತುದಿಯಿಂದ ಮೇಲಕ್ಕೆತ್ತಿದರೆ ಕ್ಲಿಪ್ಪು ಸಡಿಲವಾಗುತ್ತದೆ. ಕೆಲವು ಜಾತಿಯವು ಇದಕ್ಕೆ ಉಲ್ಟಾ, ನಡುವಿನ ಭಾಗವನ್ನು ಒಳಕ್ಕೆ ಒತ್ತಬೇಕು. ಇದು ಗೊತ್ತಿಲ್ಲದೆ ಮೊದಲ ಎರಡನ್ನು ಕಿತ್ತು ಮುರಿದೆ. ಮೂರನೆಯದನ್ನು ಮಗಳು ಬಿಚ್ಚಿದಳು. ಅವಳು ಒಂದು ನಿಮಿಷ ಸುಮ್ನೆ ನೋಡಿದಳು, ಅಷ್ಟೇ. ನಾನು ನೋಡಿರಲಿಲ್ಲ.

ಕೆಳಗಡೆ ನಾಲ್ಕು ಬೋಲ್ಟು. ಗಾಡಿ ಎತ್ತಲೇಬೇಕಾದರೆ ಸ್ಟ್ಯಾಂಡ್ ಕೊಡಿ, ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ನಾನು ಎತ್ತಲಿಲ್ಲ, ಕಂಬಳಿ ಹಾಸಿ ಮಲಗಿ, ಕೈ ತೂರಿಸಿದೆ. ಚಕ್ರ ಬಿಚ್ಚುವುದೂ ಬೇಕಾಗಲಿಲ್ಲ. ಸ್ಟೀರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದರೆ ಬಲ ಚಕ್ರದ ಹಿಂಭಾಗ ಗಾಡಿಯೊಳಕ್ಕೆ ಹೋಗಿ, ಮುಂಭಾಗ ಹೊರಕ್ಕೆ ಬರುತ್ತದೆ. ಪೂರ್ತಿ ಎಡಕ್ಕೆ ತಿರುಗಿಸಿದರೆ ಅದೇ ಚಕ್ರದ ಮುಂಭಾಗ ಒಳಸರಿದು, ಬಂಪರಿನ ಮೂಲೆಗೆ ಕೈ ಹೋಗುವಷ್ಟು ಜಾಗ ಸಿಗುತ್ತದೆ. ಎಡದ್ದಕ್ಕೆ ಬಲಕ್ಕೆ ತಿರುಗಿಸಬೇಕು. ಅಲ್ಲಿ ಮಡ್‌ಗಾರ್ಡಿನ ಒಳಗೆ ಪ್ಲಾಸ್ಟಿಕ್ ಹೊದಿಕೆ ಇದೆ. ಅದನ್ನು ಸ್ವಲ್ಪ ಮಡಚಿ ಹಿಡಿದರೆ, ಬಂಪರ್ ಮತ್ತು ಮಡ್‌ಗಾರ್ಡ್ ಸೇರುವ ಮೂಲೆಯಲ್ಲಿ ಕಣ್ಣಿಗೆ ಬೀಳದ ಹಾಗೆ ಒಂದು ಸ್ಕ್ರೂ ಅಡಗಿ ಕೂತಿರುತ್ತದೆ. ನನ್ನ ಅರ್ಧ ಗಂಟೆ ತಿಂದದ್ದು ಇದೇ. ಎಲ್ಲ ಬಿಚ್ಚಿದ್ದೀನಿ, ಬಂಪರ್ ಯಾಕೆ ಬರುತ್ತಿಲ್ಲ ಅಂತ ಎಳೆಯುತ್ತಾ ನಿಂತಿದ್ದೆ. ಎಳೆದೂ ಬರದಿದ್ದರೆ ಇನ್ನೂ ಒಂದು ಸ್ಕ್ರೂ ಇದೆ ಅಂತಲೇ ಅರ್ಥ.

ಕೊನೆಗೆ ಇಬ್ಬರೂ ಎರಡು ಮೂಲೆ ಹಿಡಿದು, ಮೊದಲು ಪಕ್ಕಕ್ಕೆ, ಆಮೇಲೆ ಮುಂದಕ್ಕೆ ಎಳೆದೆವು. ಒಬ್ಬರೇ ಎಳೆದರೆ ಇನ್ನೊಂದು ತುದಿ ಹೆಡ್‌ಲೈಟಿಗೆ ಉಜ್ಜುತ್ತದೆ. ಫಾಗ್ ಲ್ಯಾಂಪಿನ ವೈರ್ ಉದ್ದ ಇರುವುದಿಲ್ಲ, ಹೊರಗೆ ಬಂದ ಕೂಡಲೇ ಅದರ ಕನೆಕ್ಟರ್ ಬಿಚ್ಚಿಕೊಳ್ಳಿ. ಹಿಂದಿನ ಬಂಪರ್ ಆದರೆ ಇನ್ನೂ ಜೋಪಾನ. 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯ ಮಾಡಿದ್ದಾರೆ. ಅವುಗಳ ವೈರೆಲ್ಲ ಬಂಪರಿನ ಬೆನ್ನಿಗೇ ಅಂಟಿರುತ್ತದೆ.

ಮುಖವಾಡ ತೆಗೆದ ಕಾರನ್ನು ನೋಡಿದ್ದೀರಾ? ಹಲ್ಲಿನ ಸೆಟ್ಟು ತೆಗೆದಿಟ್ಟ ಅಜ್ಜನ ಹಾಗೆ ಕಾಣುತ್ತದೆ. ಒಳಗೆ ಹೊಂಗೆ ಎಲೆ, ಒಣಗಿದ ಕೆಸರು, ಯಾವುದೋ ಇಲಿ ತಂದಿಟ್ಟ ಹತ್ತಿ. ಹಾರನ್ನಿನ ಬೋಲ್ಟು ಸಡಿಲವಾಗಿತ್ತು. ಎರಡು ವರ್ಷದಿಂದ ಹಾರನ್ ಒಡೆದ ದನಿಯಲ್ಲಿ ಕೂಗುತ್ತಿದ್ದುದಕ್ಕೆ ಕಾರಣ ಅವತ್ತು ಸಿಕ್ಕಿತು. ಅಡ್ಡ ತೊಲೆಯ ಮೇಲೆ ಕೈಯಾಡಿಸಿ ನೋಡಿದೆ, ನೆಟ್ಟಗಿತ್ತು.

ಹೊಸ ಬಂಪರ್ ಬಣ್ಣವಿಲ್ಲದೆ ಕಪ್ಪಗೆ ಬಂದಿತ್ತು. ಬಣ್ಣ ಹೊಡೆಸಿ ತಂದು ಹಾಕಿಬಿಡೋಣ ಅಂದುಕೊಂಡಿದ್ದೆ. ಟಿಂಕರಿಂಗ್ ಅಂಗಡಿಯ ಪೇಂಟರ್ ಹಿಂದಿನ ದಿನವೇ ಫೋನಿನಲ್ಲಿ ತಡೆದಿದ್ದರು. "ಮೊದಲು ಗಾಡಿಗೆ ಕೂರಿಸಿ ನೋಡಿ ಸಾರ್. ಬಣ್ಣ ಆದ್ಮೇಲೆ ಅಂಗಡಿಯವರು ವಾಪಸ್ ತಗೊಳಲ್ಲ." ಇಡೀ ಕೆಲಸದಲ್ಲಿ ನನಗೆ ಸಿಕ್ಕ ಅತ್ಯಂತ ಬೆಲೆಬಾಳುವ ಮಾತು ಇದು, ಅದೂ ಪುಕ್ಕಟೆ. ಕೂರಿಸಿ ನೋಡಿದರೆ ಎಡಗಡೆಯ ಒಂದು ತೂತು ಅರ್ಧ ಬೆರಳು ಆಚೆಗಿತ್ತು. ಲೋಕಲ್ ಮಾಲಿನ ಗುಣ. ಚಾಕು ಕಾಯಿಸಿ ತೂತನ್ನು ಸ್ವಲ್ಪ ಅಗಲ ಮಾಡಿದೆ. ಬಣ್ಣ ಆದ ಮೇಲೆ ಇದನ್ನು ಮಾಡಲು ಕೈ ನಡುಗುತ್ತಿತ್ತು.

ಬಣ್ಣ ನಾನು ಹೊಡೆಯಲಿಲ್ಲ. ಸ್ಪ್ರೇ ಡಬ್ಬಿ ತಂದು ಮನೆಯಲ್ಲೇ ಹೊಡೆಯುವವರಿದ್ದಾರೆ. ಆದರೆ ಈ ಪ್ಲಾಸ್ಟಿಕ್ಕಿಗೆ ಬಣ್ಣ ಸುಲಭಕ್ಕೆ ಅಂಟುವುದಿಲ್ಲ. ಉಜ್ಜಿ, ಎಣ್ಣೆ ಪಸೆ ತೆಗೆದು, ಪ್ಲಾಸ್ಟಿಕ್ಕಿಗೆಂದೇ ಇರುವ ಪ್ರೈಮರ್ ಹಾಕಬೇಕು. ಇಲ್ಲದಿದ್ದರೆ ಹಾವಿನ ಪೊರೆಯ ಹಾಗೆ ಎದ್ದು ಬರುತ್ತದೆ. ಧೂಳು ಬೇರೆ. ಪೇಂಟರಿಗೆ 2,000 ಕೊಟ್ಟೆ. ಗಾಡಿಯ ಬಣ್ಣದ ಕೋಡ್ ಒಂದು ಸಣ್ಣ ತಗಡಿನ ಪಟ್ಟಿಯ ಮೇಲೆ ಇತ್ತು, ಅದನ್ನು ನೋಡಿಯೇ ಬಣ್ಣ ಬೆರೆಸಿದರು. ಆದರೂ ಹೊಸ ಬಿಳಿ ಹೊಸ ಬಿಳಿಯೇ. ಹನ್ನೆರಡು ವರ್ಷ ಬಿಸಿಲು ತಿಂದ ನಮ್ಮ ಬಾನೆಟ್ಟು ಪಕ್ಕದಲ್ಲಿ ಕೆನೆ ಬಣ್ಣಕ್ಕೆ ತಿರುಗಿದ ಹಾಗೆ ಕಾಣುತ್ತದೆ. ಪರವಾಗಿಲ್ಲ ಬಿಡಿ.

ವಾಪಸ್ ಹಾಕುವುದು ಬಿಚ್ಚಿದ್ದಕ್ಕಿಂತ ಬೇಗ ಆಯಿತು. ಮಗಳ ಫೋಟೋಗಳನ್ನು ಕೊನೆಯಿಂದ ಮೊದಲಿಗೆ ನೋಡುತ್ತಾ ಹೋದೆವು. ಯಾವ ಬೋಲ್ಟನ್ನೂ ಮೊದಲಿಗೇ ಬಿಗಿಯಬೇಡಿ. ಎಲ್ಲವನ್ನೂ ಬೆರಳಿನಲ್ಲಿ ತಿರುಗಿಸಿ ನಿಲ್ಲಿಸಿಕೊಂಡು, ಹೆಡ್‌ಲೈಟಿನ ಕೆಳಗಿನ ಸಂದು ಎರಡೂ ಕಡೆ ಒಂದೇ ಸಮ ಇದೆಯಾ ನೋಡಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ.

ಎಲ್ಲ ಮುಗಿದು ಕಾಫಿ ಕುಡಿಯುವಾಗ ನೆನಪಾಯಿತು, ನಂಬರ್ ಪ್ಲೇಟು! ಅದು ಹಳೇ ಬಂಪರಿನಲ್ಲೇ ಇದೆ. ಹೈ ಸೆಕ್ಯುರಿಟಿ ಪ್ಲೇಟು. ಅದನ್ನು ಸ್ಕ್ರೂನಲ್ಲಿ ಅಲ್ಲ, ಸ್ನ್ಯಾಪ್ ಲಾಕ್‌ನಲ್ಲಿ ಕೂರಿಸಿರುತ್ತಾರೆ. ಆ ಲಾಕ್ ಮುರಿಯದೆ ಪ್ಲೇಟು ಬರುವುದಿಲ್ಲ, ಮುರಿದರೆ ಮತ್ತೆ ನಾವೇ ಹಾಕುವ ಹಾಗಿಲ್ಲ. ಮಾರನೆಯ ದಿನ ಹಳೇ ಬಂಪರನ್ನೂ ಹಿಂದಿನ ಸೀಟಿನಲ್ಲಿ ತುರುಕಿಕೊಂಡು ಪ್ಲೇಟು ಹಾಕುವ ಸೆಂಟರಿಗೆ ಹೋದೆ. ಅವರೇ ಬಿಚ್ಚಿ, ಹೊಸ ಲಾಕ್ ಹಾಕಿ ಕೊಟ್ಟರು. ನೀವು ಮೊದಲೇ ಕೇಳಿಕೊಂಡು ಶುರು ಮಾಡಿ.

ಎದುರು ಮನೆ ಯಜಮಾನರು ಬಂದು ನೋಡಿ, "ಮುಂದೆ ಒಂದು ಸ್ಟೀಲ್ ಗಾರ್ಡ್ ಹಾಕಿಸಿಬಿಡಿ, ತಲೆನೋವೇ ಇರಲ್ಲ" ಅಂದರು. ಆ ತಲೆನೋವು ಬೇಡ ಅಂದೆ. ಅಂಥ ಗಾರ್ಡುಗಳ ಮೇಲೆ ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ನೇರ ಚಾಸಿಗೆ ಬಿಗಿದ ಉಕ್ಕು ಡಿಕ್ಕಿಯ ಪೆಟ್ಟನ್ನು ಹಾಗೇ ಒಳಕ್ಕೆ ದಾಟಿಸುತ್ತದೆ. ಅಡ್ಡ ಬಂದ ಮನುಷ್ಯನ ಗತಿಯಂತೂ ಕೇಳುವುದೇ ಬೇಡ. ಪ್ಲಾಸ್ಟಿಕ್ ಒಡೆಯಲಿ ಬಿಡಿ, ಒಡೆಯುವುದಕ್ಕೇ ಇರುವುದು ಅದು.

ಪೇಂಟರ್ ಉಳಿದ ಬಣ್ಣವನ್ನು ಒಂದು ಸಣ್ಣ ಸೀಸೆಯಲ್ಲಿ ಕೊಟ್ಟಿದ್ದರು, ಗೀರು ಬಿದ್ದರೆ ಹಚ್ಚಿಕೊಳ್ಳಿ ಅಂತ. ಅವತ್ತು ಸಂಜೆ ಅದರಲ್ಲಿ ಅರ್ಧವನ್ನು ಆ ಚಪ್ಪಡಿ ಕಲ್ಲಿನ ಅಂಚಿಗೆ ಬಳಿದೆ. ಈಗ ಹೆಡ್‌ಲೈಟ್ ಬಿದ್ದರೆ ಬೆಳ್ಳಗೆ ಕಾಣುತ್ತದೆ. ಕಲ್ಲು ಸರಿ ಮಾಡಿಸಬೇಕು ಅಂತ ಇನ್ನೂ ಹೇಳುತ್ತಲೇ ಇದ್ದೇನೆ.

ನಮಸ್ಕಾರ.