‘ಎಲ್ಲರೂ ಕುಡೀತಾರೆ’ ಅನ್ನೋ ಸುಳ್ಳು

(ಮಂಡ್ಯದ ಪದವಿ ಕಾಲೇಜೊಂದರ ಎನ್‌ಎಸ್‌ಎಸ್ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ)

ಮಕ್ಕಳೇ, ಮೇಷ್ಟ್ರುಗಳೇ, ಎಲ್ಲರಿಗೂ ನಮಸ್ಕಾರ.

ನಾನು ಡಿಗ್ರಿ ಓದಿದ್ದು ಮೈಸೂರಿನಲ್ಲಿ. ಸರಸ್ವತಿಪುರಂನಲ್ಲಿ ರೂಮು. ಮೊದಲ ವರ್ಷದ ಪರೀಕ್ಷೆ ಮುಗಿದ ರಾತ್ರಿ ಐದು ಜನ ತಾರಸಿ ಹತ್ತಿದೆವು. ಬಿಯರ್ ಬಂದಿತ್ತು. ನನಗೆ ಬೇಕಿರಲಿಲ್ಲ. ಆದರೆ ನಾಲ್ಕು ಜನ ಕುಡಿಯುವಾಗ ನಾನೊಬ್ಬನೇ ಬೇಡ ಅನ್ನೋದು ಹೇಗೆ? ಕುಡಿದೆ. ಹತ್ತು ವರ್ಷ ಆದಮೇಲೆ ಮದ್ದೂರಿನ ಹತ್ತಿರ ಒಂದು ಬೀಗರೂಟ. ಪಕ್ಕದ ಎಲೆಗೆ ಕೂತಿದ್ದ ಅವತ್ತಿನ ಗೆಳೆಯ ಹೇಳಿದ: “ನಾನು ಅವತ್ತು ಒಂದು ಗುಟುಕೂ ಇಳಿಸಲಿಲ್ಲ ಕಣೋ. ನೀನು ಕುಡೀತಿದ್ದೀಯಲ್ಲ ಅಂತ ಸುಮ್ನೆ ಗ್ಲಾಸು ಹಿಡ್ಕೊಂಡಿದ್ದೆ. ಆಮೇಲೆ ನೀರಿನ ಟ್ಯಾಂಕಿನ ಹಿಂದೆ ಸುರಿದೆ.” ನಾನು ಅವನನ್ನು ನೋಡಿ ಕುಡಿದಿದ್ದೆ. ಅವನು ನನ್ನನ್ನು ನೋಡಿ ಕುಡಿದ ಹಾಗೆ ಮಾಡಿದ್ದ.

ಇದು ನಮ್ಮಿಬ್ಬರ ಕಥೆ ಮಾತ್ರ ಅಲ್ಲ. 1986ರಲ್ಲಿ ಅಮೆರಿಕದ ವೆಸ್ಲಿ ಪರ್ಕಿನ್ಸ್ ಮತ್ತು ಅಲನ್ ಬರ್ಕೊವಿಟ್ಜ್ ಒಂದು ಕಾಲೇಜಿನ ಹುಡುಗರನ್ನು ಕೇಳಿ ನೋಡಿದರು. ಗೆಳೆಯರಿಗೆ ಕುಡಿತದ ಬಗ್ಗೆ ಎಷ್ಟು ಸಲಿಗೆ ಇದೆ ಅಂತ ಹುಡುಗರು ಅಂದುಕೊಂಡಿದ್ದರೋ, ನಿಜದಲ್ಲಿ ಅಷ್ಟು ಇರಲಿಲ್ಲ. ಕುಡಿಯುವವನು ಸದ್ದು ಮಾಡುತ್ತಾನೆ, ಮಾರನೇ ದಿನ ಕ್ಯಾಂಟೀನಿನಲ್ಲಿ ಅದೇ ಮಾತು. ಓದಿ ಮಲಗಿದವನ ಸುದ್ದಿ ಯಾರು ಹೇಳುತ್ತಾರೆ?

ನಮ್ಮ ಕಡೆ ಲೆಕ್ಕ ಹೇಗಿದೆ? 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆಯಲ್ಲಿ 13ರಿಂದ 15 ವರ್ಷದ ಶಾಲಾ ಮಕ್ಕಳ ಪೈಕಿ ತಂಬಾಕು ಬಳಸುತ್ತಿದ್ದವರು ದೇಶದಲ್ಲಿ ನೂರಕ್ಕೆ 8.5, ಕರ್ನಾಟಕದಲ್ಲಿ 1.2. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15 ದಾಟಿದ ಗಂಡಸರಲ್ಲಿ ಕುಡಿಯುವವರು ನೂರಕ್ಕೆ 18.8. ಅಂದರೆ 81 ಜನ ಕುಡಿಯಲ್ಲ! ಈ 81 ಜನರ ಬಗ್ಗೆ ಯಾವತ್ತಾದರೂ ಜಾಥಾ ಮಾಡಿದ್ದೇವಾ?

ನಾವು ಮಾಡೋದು ಉಲ್ಟಾ. ಮೈಕ್ ಹಿಡಿದು “ಯುವಕರೆಲ್ಲ ಹಾಳಾಗಿದ್ದಾರೆ” ಅನ್ನುತ್ತೇವೆ. ಕಾಳಜಿಯಿಂದಲೇ ಅನ್ನುತ್ತೇವೆ, ನಾನೂ ಅಂದಿದ್ದೇನೆ. ಕೇಳಿದ ಹುಡುಗನ ತಲೆಗೆ ಹೋಗೋದು ‘ಎಲ್ಲರೂ’ ಅನ್ನೋ ಪದ. ಅಮೆರಿಕದ ಅರಿಜೋನಾದಲ್ಲಿ ಕಲ್ಲಾದ ಮರಗಳ ಒಂದು ಉದ್ಯಾನ ಇದೆ. “ತುಂಬಾ ಜನ ಇಲ್ಲಿಂದ ಚೂರುಗಳನ್ನು ಒಯ್ದಿದ್ದಾರೆ” ಅಂತ ಬೋರ್ಡು ಹಾಕಿದ ಕಡೆ ನೂರಕ್ಕೆ ಸುಮಾರು 8 ಚೂರು ಕಳುವಾದವು. “ದಯವಿಟ್ಟು ಒಯ್ಯಬೇಡಿ” ಅಂದ ಕಡೆ 2ಕ್ಕಿಂತ ಕಮ್ಮಿ.

ಮೊಂಟಾನಾ ರಾಜ್ಯದವರು ಬೇರೆ ದಾರಿ ಹಿಡಿದರು. 2000–01ರಲ್ಲಿ ಏಳು ಜಿಲ್ಲೆಗಳಲ್ಲಿ “ನಮ್ಮಲ್ಲಿ ನೂರಕ್ಕೆ 70 ಹುಡುಗ ಹುಡುಗಿಯರು ತಂಬಾಕು ಮುಟ್ಟಲ್ಲ” ಅಂತ ಟಿವಿ, ರೇಡಿಯೊ, ಪೋಸ್ಟರುಗಳಲ್ಲಿ ಸಾರಿದರು. ಮೊದಲು ಸೇದದೇ ಇದ್ದವರಲ್ಲಿ ಹೊಸದಾಗಿ ಶುರು ಮಾಡಿದವರು ಅಲ್ಲಿ ನೂರಕ್ಕೆ 10, ರಾಜ್ಯದ ಉಳಿದ ಕಡೆ 17. ಹೆದರಿಸಲಿಲ್ಲ, ಕಪ್ಪಾದ ಶ್ವಾಸಕೋಶ ತೋರಿಸಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಆದರೆ ನಿಜ ಹೇಳಬೇಕು. ಎಲ್ಲ ಕಡೆ ಇದು ನಡೆದಿಲ್ಲ. ಕಾಲೇಜಿನ ಸುತ್ತ ಮದ್ಯದಂಗಡಿ ಜಾಸ್ತಿ ಇದ್ದ ಕಡೆ ಇಂಥ ಪ್ರಚಾರ ಫಲ ಕೊಡಲಿಲ್ಲ. ಶಾಲಾ ಕಾಲೇಜಿನ 100 ಗಜದೊಳಗೆ ತಂಬಾಕು ಮಾರಬಾರದು ಅಂತ 2003ರ ಕಾಯ್ದೆ ಇದೆ. ಗೇಟಿನ ಎದುರಿನ ಪೆಟ್ಟಿಗೆ ಅಂಗಡಿಯಲ್ಲಿ ಸಿಗರೇಟು ಬಿಡಿಬಿಡಿಯಾಗಿ ಸಿಗುತ್ತಿದ್ದರೆ ನಮ್ಮ ಪೋಸ್ಟರು ಏನು ಮಾಡೀತು? ಇನ್ನು ಚಟಕ್ಕೆ ಬಿದ್ದವನಿಗೆ ಸಂಖ್ಯೆ ಹೇಳಿ ಪ್ರಯೋಜನ ಇಲ್ಲ, ಅವನಿಗೆ ಡಾಕ್ಟರು ಬೇಕು. ತಂಬಾಕು ಬಿಡೋಕೆ 1800-11-2356ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಸಲಹೆ ಸಿಗುತ್ತದೆ.

ಈಗ ನಮ್ಮ ಕೆಲಸ. ಅಮೆರಿಕದ ಸಂಖ್ಯೆ ಮಂಡ್ಯದ ಗೋಡೆಗೆ ಬೇಡ, ಶಾಲಾ ಮಕ್ಕಳ ಸಂಖ್ಯೆಯೂ ನಿಮಗೆ ಹೊಂದಲ್ಲ. ನಿಮ್ಮದೇ ಬೇಕು. ಕೈಗೆ ಕೊಟ್ಟಿರುವ ಚೀಟಿಯಲ್ಲಿ ಎರಡೇ ಪ್ರಶ್ನೆ. ಹೋದ ತಿಂಗಳು ನೀನು ಕುಡಿದೆಯಾ, ಸೇದಿದೆಯಾ? ನಿನ್ನ ಕ್ಲಾಸಿನಲ್ಲಿ ಹತ್ತಕ್ಕೆ ಎಷ್ಟು ಜನ ಹಾಗೆ ಮಾಡಿರಬಹುದು? ಬಂದ ಲೆಕ್ಕವನ್ನು ಒಂದು ಅಂಕಿಯೂ ತಿದ್ದದೆ ನೋಟಿಸ್ ಬೋರ್ಡಿಗೆ ಹಾಕೋಣ. ಅರ್ಧಕ್ಕಿಂತ ಜಾಸ್ತಿ ಜನ ‘ಹೌದು’ ಅಂದಿದ್ದರೆ ‘ನಮ್ಮಲ್ಲಿ ಹೆಚ್ಚಿನವರು ಮುಟ್ಟಲ್ಲ’ ಅನ್ನೋ ಪೋಸ್ಟರು ಬೇಡ, ಬೇರೆ ದಾರಿ ಹುಡುಕೋಣ.

ಹೆಸರು ಬರೆಯಬೇಡಿ. ಮೇಷ್ಟ್ರುಗಳು ಐದು ನಿಮಿಷ ಹೊರಗೆ ಇರಲಿ. ಡಬ್ಬ ಬಾಗಿಲ ಹತ್ತಿರ ಇದೆ, ಚೀಟಿ ಮಡಚಿ ಹಾಕಿ.