ಕೇಬಲ್‌ಗಳ ಪೈಪೋಟಿ: ಯಾವ ಪೋರ್ಟ್ ಉಳಿಯುತ್ತದೆ?

[ಪರದೆಯ ಮೇಲೆ: ಪಕ್ಕಪಕ್ಕದಲ್ಲಿ ಎರಡು ಬಿಳಿ ಕೇಬಲ್‌ಗಳು]

ಈ ಎರಡು ಕೇಬಲ್ ನೋಡಿ. ಎರಡರ ತುದಿಯೂ ಒಂದೇ ಥರ, ಯುಎಸ್‌ಬಿ-ಸಿ. ಉದ್ದವೂ ಹೆಚ್ಚುಕಡಿಮೆ ಅಷ್ಟೇ.

ಹೋದ ತಿಂಗಳು ಒಂದು ಎಸ್‌ಎಸ್‌ಡಿಯಿಂದ, ಅಂದರೆ ವೇಗವಾಗಿ ಓಡುವ ಸ್ಟೋರೇಜ್ ಡ್ರೈವ್‌ನಿಂದ, 200 ಜಿಬಿ ವಿಡಿಯೋ ಕಾಪಿ ಮಾಡಬೇಕಿತ್ತು. ಕೈಗೆ ಸಿಕ್ಕಿದ ಕೇಬಲ್ ಚುಚ್ಚಿದೆ. ಸುಮಾರು ಒಂದೂವರೆ ಗಂಟೆ ಬೇಕು ಅಂತ ತೋರಿಸಿತು. ಎಸ್‌ಎಸ್‌ಡಿಯೇ ಕೆಟ್ಟಿದೆ ಅಂದುಕೊಂಡು ಗಾಬರಿಯಾದೆ. ಆಮೇಲೆ ಸುಮ್ನೆ ಒಮ್ಮೆ ನೋಡೋಣ ಅಂತ ಇನ್ನೊಂದು ಕೇಬಲ್ ಹಾಕಿದೆ. ನಾಲ್ಕು ನಿಮಿಷದೊಳಗೆ ಕೆಲಸ ಮುಗಿಯಿತು.

ಎಸ್‌ಎಸ್‌ಡಿ ಅದೇ, ಕಂಪ್ಯೂಟರ್ ಅದೇ, ಪೋರ್ಟೂ ಅದೇ. ಆದರೆ ಮೊದಲನೆಯದು ಫೋನ್ ಚಾರ್ಜಿಂಗಿಗೆ ಅಂತ ಬಂದ ಕೇಬಲ್. ಅದರೊಳಗೆ ಡೇಟಾಗೆ ಇರುವುದು ಯುಎಸ್‌ಬಿ 2.0 ಕಾಲದ ಒಂದು ಜೋಡಿ ತಂತಿ ಮಾತ್ರ. ಆ ಸ್ಟ್ಯಾಂಡರ್ಡ್ ಬಂದದ್ದು 2000ದಲ್ಲಿ!

ಯುಎಸ್‌ಬಿ, ಥಂಡರ್‌ಬೋಲ್ಟ್, ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್, ಸಾಧನಗಳನ್ನೂ ಪರದೆಗಳನ್ನೂ ಜೋಡಿಸುವ ಈ ಪೋರ್ಟ್‌ಗಳಲ್ಲಿ ಯಾವುದು ಉಳಿಯುತ್ತದೆ ಅಂತ ತುಂಬಾ ಜನ ಕೇಳುತ್ತಾರೆ. ಅದಕ್ಕೆ ಉತ್ತರ ಹುಡುಕುವ ಮೊದಲು ಎರಡು ವಿಷಯಗಳನ್ನು ಬೇರೆ ಬೇರೆ ಮಾಡಿಕೊಳ್ಳಬೇಕು. ಒಂದು, ಕನೆಕ್ಟರ್‌ನ ಆಕಾರ. ಅದನ್ನು ಬಾಯಿ ಅನ್ನೋಣ. ಇನ್ನೊಂದು, ಆ ತಂತಿಗಳ ಮೇಲೆ ಎರಡು ಸಾಧನಗಳು ಮಾತಾಡುವ ರೀತಿ. ಅದನ್ನು ಭಾಷೆ ಅನ್ನೋಣ. ನನ್ನ ಎರಡೂ ಕೇಬಲ್‌ಗಳ ಬಾಯಿ ಒಂದೇ, ಆಡಬಲ್ಲ ಭಾಷೆ ಮಾತ್ರ ಬೇರೆ. ಬಾಯಿಯ ಆಯಸ್ಸು ಒಂದು ಲೆಕ್ಕ, ಭಾಷೆಯ ಆಯಸ್ಸು ಇನ್ನೊಂದು ಲೆಕ್ಕ.

[ಪರದೆಯ ಮೇಲೆ: ಹಳೆಯ ವಿಡಿಯೋ ಕ್ಯಾಮೆರಾ, ಅದರ ಪಕ್ಕದಲ್ಲಿ ಫೈರ್‌ವೈರ್ ಕೇಬಲ್]

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಈ ಕಥೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ, ಏಕೆಂದರೆ ಉಳಿದಿದ್ದಕ್ಕೆಲ್ಲ ಇದೇ ಬೀಗದ ಕೈ.

1995ರಲ್ಲಿ ಐಇಇಇ 1394 ಎಂಬ ಸ್ಟ್ಯಾಂಡರ್ಡ್ ಬಂತು. ಆ್ಯಪಲ್ ಇಟ್ಟ ಹೆಸರು ಫೈರ್‌ವೈರ್. ಮರುವರ್ಷ ಜನವರಿಯಲ್ಲಿ ಯುಎಸ್‌ಬಿ 1.0 ಬಂತು. ಫೈರ್‌ವೈರ್‌ನ ವೇಗ ಸೆಕೆಂಡಿಗೆ 400 ಮೆಗಾಬಿಟ್. ಯುಎಸ್‌ಬಿಯದ್ದು ಬರೀ 12. ಮೂವತ್ತು ಪಟ್ಟಿಗಿಂತ ಜಾಸ್ತಿ ಅಂತರ! ಫೈರ್‌ವೈರ್‌ನಲ್ಲಿ ಒಂದಕ್ಕೆ ಇನ್ನೊಂದನ್ನು ಸರಪಳಿಯಂತೆ ಜೋಡಿಸುತ್ತಾ ಹೋಗಬಹುದಿತ್ತು. ನಡುವೆ ಕಂಪ್ಯೂಟರ್ ಇಲ್ಲದೆಯೇ ಎರಡು ಸಾಧನಗಳು ನೇರವಾಗಿ ಮಾತಾಡಬಹುದಿತ್ತು. ವಿಡಿಯೋ ಕ್ಯಾಮೆರಾದ ಟೇಪ್‌ನಿಂದ ಒಂದು ಫ್ರೇಮೂ ತಪ್ಪದ ಹಾಗೆ ದೃಶ್ಯ ಇಳಿಸಿಕೊಳ್ಳಬೇಕಾದರೆ ಎಲ್ಲರೂ ಇದನ್ನೇ ನಂಬಿದ್ದರು. ಇಂಜಿನಿಯರಿಂಗ್ ದೃಷ್ಟಿಯಿಂದ ಅದು ನಿಜಕ್ಕೂ ಸೊಗಸಾದ ಕೆಲಸ. ಅದರ ಬಗ್ಗೆ ನನಗೆ ಇವತ್ತಿಗೂ ಪ್ರೀತಿ ಇದೆ.

ಹಾಗಿದ್ದರೂ ಸೋತಿತು. ಯಾಕೆ?

ನೇರವಾಗಿ ಮಾತಾಡಬೇಕಾದರೆ ಪ್ರತಿ ಸಾಧನಕ್ಕೂ ಸ್ವಂತ ಬುದ್ಧಿ ಬೇಕು. ಅಂದರೆ ಪ್ರತಿಯೊಂದರಲ್ಲೂ ದುಬಾರಿ ಚಿಪ್ ಇರಬೇಕು. ಯುಎಸ್‌ಬಿಯ ದಾರಿ ಇದಕ್ಕೆ ಪೂರ್ತಿ ತದ್ವಿರುದ್ಧ. ಬುದ್ಧಿಯೆಲ್ಲ ಕಂಪ್ಯೂಟರ್‌ನಲ್ಲಿ. ಕಂಪ್ಯೂಟರ್ ಕೇಳಿದಾಗ ಮಾತ್ರ ಮೌಸ್ ಉತ್ತರ ಕೊಡಬೇಕು, ತಾನಾಗಿ ಬಾಯಿ ತೆರೆಯುವ ಹಾಗಿಲ್ಲ. ಹೀಗಾಗಿ ಮೌಸ್ ಒಳಗಿನ ಚಿಪ್ ತೀರಾ ಅಗ್ಗವಾಯಿತು. ಇದರ ಜೊತೆಗೆ ಲೈಸೆನ್ಸ್ ಹಣದ ಗಲಾಟೆ. ಪೋರ್ಟ್ ಒಂದಕ್ಕೆ 1 ಡಾಲರ್ ಕೊಡಬೇಕು ಎಂದು ಆ್ಯಪಲ್ ಕೇಳಿತು. ಆಮೇಲೆ ಅದು ಸಾಧನ ಒಂದಕ್ಕೆ 25 ಸೆಂಟ್‌ಗೆ ಇಳಿಯಿತು. ಅಷ್ಟರಲ್ಲಿ ತಯಾರಕರ ಮನಸ್ಸು ಮುರಿದಿತ್ತು. ಲಕ್ಷಗಟ್ಟಲೆ ಸಾಧನ ತಯಾರಿಸುವವರಿಗೆ ಒಂದೊಂದು ಸೆಂಟೂ ಲೆಕ್ಕವೇ.

ಇನ್ನೊಂದು ವಿಚಿತ್ರ ಕೇಳಿ. ಯುಎಸ್‌ಬಿಗೆ ದೊಡ್ಡ ಬಲ ಕೊಟ್ಟದ್ದೂ ಆ್ಯಪಲ್ಲೇ. 1998ರ ಐಮ್ಯಾಕ್‌ನಲ್ಲಿ ಹಳೆಯ ಸೀರಿಯಲ್ ಪೋರ್ಟ್, ಫ್ಲಾಪಿ ಡ್ರೈವ್ ಎಲ್ಲವನ್ನೂ ತೆಗೆದುಹಾಕಿದರು. ಕೀಬೋರ್ಡ್, ಮೌಸ್, ಪ್ರಿಂಟರ್ ಎಲ್ಲಕ್ಕೂ ಯುಎಸ್‌ಬಿಯೇ ಗತಿ. ಪ್ರಿಂಟರ್ ಮಾಡುವವರು ಬೇರೆ ದಾರಿಯಿಲ್ಲದೆ ಯುಎಸ್‌ಬಿಗೆ ಬಂದರು. 2000ದಲ್ಲಿ ಯುಎಸ್‌ಬಿ 2.0 ಬಂದು ವೇಗ 480 ಮೆಗಾಬಿಟ್‌ಗೆ ಏರಿತು. ಹಾರ್ಡ್ ಡಿಸ್ಕ್ ಜೊತೆ ಬಳಸಿದಾಗ ಎಷ್ಟೋ ಸಲ ಫೈರ್‌ವೈರೇ ಮುಂದಿರುತ್ತಿತ್ತು. ಆದರೆ ಅಂಗಡಿಗೆ ಹೋದವರಿಗೆ ಕಂಡದ್ದು ಪೆಟ್ಟಿಗೆಯ ಮೇಲಿನ ಸಂಖ್ಯೆ. 2001ರಲ್ಲಿ ಮೊದಲ ಐಪಾಡ್ ಬಂದಾಗ ಅದಕ್ಕೆ ಇದ್ದದ್ದು ಫೈರ್‌ವೈರ್ ಒಂದೇ. 2005ರ ಐಪಾಡ್ ನ್ಯಾನೋದಲ್ಲಿ ಹಾಡು ತುಂಬಲು ಉಳಿದದ್ದು ಯುಎಸ್‌ಬಿ ಒಂದೇ. ಹೆತ್ತವರೇ ಕೈಬಿಟ್ಟ ಮೇಲೆ ಇನ್ನು ಯಾರು ಸಾಕುತ್ತಾರೆ?

ಅಗ್ಗ ಅಂದ ಮಾತ್ರಕ್ಕೆ ಯುಎಸ್‌ಬಿ ಗೆದ್ದಿತು ಅಂದುಕೊಳ್ಳಬೇಡಿ. ಅದಕ್ಕಿಂತ ದೊಡ್ಡ ಗುಣ ಒಂದಿದೆ. ಅದು ಹಳಬರನ್ನು ಹೊರಗೆ ಹಾಕಲಿಲ್ಲ.

[ಪರದೆಯ ಮೇಲೆ: ಯುಎಸ್‌ಬಿ-ಎ ಪೋರ್ಟ್‌ನ ಒಳಭಾಗ, ಹತ್ತಿರದಿಂದ]

ಈ ಹಳೆಯ ಆಯತಾಕಾರದ ಪೋರ್ಟ್ ಒಳಗೆ ನೋಡಿ. ಒಂದು ಸಾಲಿನಲ್ಲಿ ನಾಲ್ಕು ಪಿನ್. ಇವು 1996ರಿಂದ ಅದೇ ಜಾಗದಲ್ಲಿವೆ. 2008ರಲ್ಲಿ ಯುಎಸ್‌ಬಿ 3.0 ಬಂದಾಗ ಇವುಗಳನ್ನು ಮುಟ್ಟಲೇ ಇಲ್ಲ. ಇನ್ನೊಂದು ಸಾಲಿನಲ್ಲಿ ಹೊಸದಾಗಿ ಐದು ಪಿನ್ ಸೇರಿಸಿದರು. ಹೊಸ ಸಾಧನ ಒಂಬತ್ತನ್ನೂ ಮುಟ್ಟುತ್ತದೆ. ಹಳೆಯ ಮೌಸ್ ಮೊದಲಿನ ಆ ನಾಲ್ಕನ್ನು ಮಾತ್ರ ಮುಟ್ಟಿ ತನ್ನ ಪಾಡಿಗೆ ಕೆಲಸ ಮಾಡುತ್ತದೆ. 24 ಪಿನ್‌ಗಳ ಯುಎಸ್‌ಬಿ-ಸಿ ಒಳಗೂ ಇದೇ ಕಥೆ. ನಟ್ಟ ನಡುವೆ ಯುಎಸ್‌ಬಿ 2.0ಗೆ ಅಂತಲೇ ಜಾಗ ಕಾದಿರಿಸಿದ್ದಾರೆ. ಅದನ್ನು ನೋಡಿದಾಗೆಲ್ಲ ಹಳೆಯ ಮನೆಯ ಗೋಡೆ ಹಾಗೇ ಉಳಿಸಿಕೊಂಡು ಸುತ್ತ ಹೊಸ ಮನೆ ಕಟ್ಟಿದ ಹಾಗೆ ಅನ್ನಿಸುತ್ತದೆ.

ಕಂಪ್ಯೂಟರ್‌ಗಳನ್ನು ತಂತಿಯಿಂದ ನೆಟ್‌ವರ್ಕ್‌ಗೆ ಜೋಡಿಸುವ ಈಥರ್‌ನೆಟ್ ಕೂಡ ಹೀಗೆಯೇ ಬದುಕಿತು. ಆರ್‌ಜೆ45 ಎಂದು ನಾವು ಕರೆಯುವ ಆ ಪ್ಲಾಸ್ಟಿಕ್ ಕೊಂಡಿಯ ಕನೆಕ್ಟರ್ ಮೇಲೆ 1990ರಲ್ಲಿ ಓಡಿದ್ದು 10 ಮೆಗಾಬಿಟ್. 2006ರಲ್ಲಿ 10 ಗಿಗಾಬಿಟ್ ಓಡಿಸಿದರು. ವೇಗ ಸಾವಿರ ಪಟ್ಟು, ಬಾಯಿ ಅದೇ. ಕೇಬಲ್ ಚುಚ್ಚಿದ ತಕ್ಷಣ ಎರಡೂ ಕಡೆಯವು ಮಾತಾಡಿಕೊಂಡು, ಇಬ್ಬರಿಗೂ ಆಗುವಂಥ ಹೆಚ್ಚಿನ ವೇಗ ಒಪ್ಪಿಕೊಳ್ಳುತ್ತವೆ.

ಇನ್ನು ಥಂಡರ್‌ಬೋಲ್ಟ್. 2011ರಲ್ಲಿ ಮೊದಲು ಮ್ಯಾಕ್‌ಬುಕ್ ಪ್ರೋದಲ್ಲಿ ಬಂತು. ಇಂಟೆಲ್ ಇದನ್ನು ಬೆಳಕಿನ ಎಳೆಗಳ ಮೇಲೆ ಓಡಿಸುವ ಕನಸು ಕಂಡಿತ್ತು. ಕೊನೆಗೆ ಖರ್ಚು ನೋಡಿ ತಾಮ್ರಕ್ಕೆ ಬಂದರು. ಕಂಪ್ಯೂಟರ್ ಒಳಗೆ ಗ್ರಾಫಿಕ್ಸ್ ಕಾರ್ಡ್ ಬಳಸುವ ಪಿಸಿಐ ಎಕ್ಸ್‌ಪ್ರೆಸ್ ಹಾದಿಯನ್ನೇ ಹೊರಗೆ ಎಳೆದು ತಂದಿರುವುದು ಇದರ ವಿಶೇಷ. ತುಂಬಾ ಶಕ್ತಿಶಾಲಿ, ಆದರೆ ದುಬಾರಿ. ಇದೂ ಫೈರ್‌ವೈರ್ ದಾರಿ ಹಿಡಿಯುತ್ತದೆ ಅಂತ ಆಗ ನನಗೆ ಖಾತ್ರಿ ಇತ್ತು. ನನ್ನ ಎಣಿಕೆ ತಪ್ಪಾಯಿತು.

2015ರಲ್ಲಿ ಥಂಡರ್‌ಬೋಲ್ಟ್ 3 ಅಲ್ಲಿಯವರೆಗಿನ ಮಿನಿ ಡಿಸ್‌ಪ್ಲೇಪೋರ್ಟ್ ಬಾಯಿ ಬಿಟ್ಟು ಯುಎಸ್‌ಬಿ-ಸಿ ಬಾಯಿಗೆ ಬಂತು. 2017ರಲ್ಲಿ ಇಂಟೆಲ್ ಇದರ ವಿವರಗಳನ್ನು ಲೈಸೆನ್ಸ್ ಹಣವಿಲ್ಲದೆ ಕೊಡುತ್ತೇವೆ ಎಂದಿತು. 2019ರಲ್ಲಿ ಬಂದ ಯುಎಸ್‌ಬಿ4 ನಿಂತಿರುವುದೇ ಥಂಡರ್‌ಬೋಲ್ಟ್ 3ರ ಅಡಿಪಾಯದ ಮೇಲೆ. ಫೈರ್‌ವೈರ್ ಕಾಲದಲ್ಲಿ ಆಗದೇ ಹೋದದ್ದು ಇಲ್ಲಿ ಆಯಿತು. ಹೆಸರು ಯಾವುದು ಉಳಿಯುತ್ತದೋ, ಥಂಡರ್‌ಬೋಲ್ಟ್‌ನ ಭಾಷೆಯಂತೂ ಯುಎಸ್‌ಬಿಯೊಳಗೇ ಸೇರಿಕೊಂಡು ಉಳಿಯಿತು. ಈಗ ಥಂಡರ್‌ಬೋಲ್ಟ್ ಹೆಸರಿಗಿರುವ ಬೆಲೆ ಮುಖ್ಯವಾಗಿ ಒಂದು ಖಾತ್ರಿ. ಯುಎಸ್‌ಬಿ4 ಪೋರ್ಟ್ 20 ಗಿಗಾಬಿಟ್ ಕೊಟ್ಟರೂ ಸಾಕು, 40 ಕಡ್ಡಾಯವಲ್ಲ. ಥಂಡರ್‌ಬೋಲ್ಟ್ 4ರಲ್ಲಿ 40 ಕಡ್ಡಾಯ, ಎರಡು 4ಕೆ ಪರದೆಗಳೂ ಕಡ್ಡಾಯ.

ಪರದೆಗಳ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಟಿವಿಗಳಲ್ಲಿ ಎಚ್‌ಡಿಎಂಐ ಸದ್ಯಕ್ಕೆ ಎಲ್ಲೂ ಹೋಗುವುದಿಲ್ಲ. ಕಂಪ್ಯೂಟರ್ ಕಡೆ ಡಿಸ್‌ಪ್ಲೇಪೋರ್ಟ್ ಕಣ್ಣಿಗೆ ಕಾಣದ ಹಾಗೆ ಯುಎಸ್‌ಬಿ-ಸಿ ಒಳಗೆ ಓಡುತ್ತಿದೆ. ಯುಎಸ್‌ಬಿ-ಸಿಯಿಂದ ಎಚ್‌ಡಿಎಂಐಗೆ ಹೋಗುವ ಅಡಾಪ್ಟರ್‌ಗಳಲ್ಲೂ ಸಾಮಾನ್ಯವಾಗಿ ಮೊದಲು ಹೊರಡುವುದು ಡಿಸ್‌ಪ್ಲೇಪೋರ್ಟ್ ಸಿಗ್ನಲ್ಲೇ. ಅಡಾಪ್ಟರ್ ಒಳಗಿನ ಚಿಪ್ ಅದನ್ನು ಬದಲಾಯಿಸುತ್ತದೆ.

ಹಾಗಾದರೆ ನನ್ನ ಉತ್ತರ ಏನು? ಯುಎಸ್‌ಬಿ-ಸಿ ಬಾಯಿ ತುಂಬಾ ಕಾಲ ಇರುತ್ತದೆ. 2014ರಲ್ಲಿ ಬಂದದ್ದು ಈಗಾಗಲೇ 80 ಗಿಗಾಬಿಟ್ ತಡೆದುಕೊಂಡಿದೆ, 240 ವ್ಯಾಟ್ ವಿದ್ಯುತ್ ಹೊರುತ್ತದೆ. ಮೇಲಾಗಿ ಕಾನೂನಿನ ಬಲ. ಯುರೋಪಿಯನ್ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಫೋನ್‌ಗಳಿಗೆ ಯುಎಸ್‌ಬಿ-ಸಿ ಚಾರ್ಜಿಂಗ್ ಕಡ್ಡಾಯ. ಲ್ಯಾಪ್‌ಟಾಪ್‌ಗಳಿಗೆ ಗಡುವು 2026ರ ಏಪ್ರಿಲ್ 28. ಐಫೋನ್ ಕೂಡ 2023ರಲ್ಲೇ ಆ್ಯಪಲ್‌ನ ಸ್ವಂತ ಲೈಟ್ನಿಂಗ್ ಪೋರ್ಟ್ ಬಿಟ್ಟು ಇಲ್ಲಿಗೆ ಬಂತು.

ನನಗೆ ಚಿಂತೆ ಇರುವುದು ಬೇರೆ ಕಡೆ. ಬಾಯಿ ಒಂದಾದಷ್ಟೂ ಒಳಗಿರುವುದು ಏನು ಅಂತ ತಿಳಿಯುವುದು ಕಷ್ಟವಾಗಿದೆ. 5 ಗಿಗಾಬಿಟ್ ವೇಗ ಒಂದಕ್ಕೇ ಮೂರು ಹೆಸರು ಇಟ್ಟರು: ಮೊದಲು ಯುಎಸ್‌ಬಿ 3.0, ಆಮೇಲೆ 3.1 ಜೆನ್ 1, ಆಮೇಲೆ 3.2 ಜೆನ್ 1. ವೇಗ ಒಂದು ಚೂರೂ ಬದಲಾಗಲಿಲ್ಲ. ಕೊಳ್ಳುವವರಿಗೆ ಇದು ಅನ್ಯಾಯ, ಅಲ್ವಾ? ಕೊನೆಗೆ 2022ರಲ್ಲಿ ಯುಎಸ್‌ಬಿ ಸಂಸ್ಥೆಯೇ ಈ ಹೆಸರುಗಳನ್ನು ಬದಿಗಿಟ್ಟು, ವೇಗ ಮತ್ತು ವ್ಯಾಟ್ ಮಾತ್ರ ಮುದ್ರಿಸುವ ಲೋಗೋ ತಂದಿತು.

[ಪರದೆಯ ಮೇಲೆ: ಕೇಬಲ್ ತುದಿಯಲ್ಲಿ "40 ಗಿಗಾಬಿಟ್, 240 ವ್ಯಾಟ್" ಗುರುತು]

ಕೇಬಲ್ ಕೊಳ್ಳುವಾಗ ಈ ಎರಡು ಸಂಖ್ಯೆಗಳನ್ನು ಹುಡುಕಿ. ವ್ಯಾಟ್ ಮಾತ್ರ ದೊಡ್ಡದಾಗಿ ಬರೆದು ಗಿಗಾಬಿಟ್ ಬಗ್ಗೆ ಮಾತೇ ಇಲ್ಲದಿದ್ದರೆ ಅದು ಚಾರ್ಜಿಂಗ್ ಕೇಬಲ್ ಅಂತಲೇ ತಿಳಿಯಿರಿ. ಉದ್ದವನ್ನೂ ನೋಡಿ. 40 ಗಿಗಾಬಿಟ್‌ನ ಸಾದಾ ಕೇಬಲ್ 0.8 ಮೀಟರ್ ಆಸುಪಾಸಿನಲ್ಲಿ ಇರಬೇಕು. ಅದಕ್ಕಿಂತ ತುಂಬಾ ಉದ್ದ ಬೇಕೆಂದರೆ ಸಿಗ್ನಲ್‌ಗೆ ಬಲ ತುಂಬುವ ಚಿಪ್ ಇರುವ ಕೇಬಲ್ಲೇ ಬೇಕು.

ಇನ್ನು ಮನೆಯಲ್ಲಿ ಈಗಾಗಲೇ ಇರುವ, ಗುರುತೇ ಇಲ್ಲದ ಕೇಬಲ್‌ಗಳು. ಒಂದು ವೇಗದ ಎಸ್‌ಎಸ್‌ಡಿ ತಗೊಂಡು, ಒಂದೊಂದೇ ಕೇಬಲ್ ಹಾಕಿ, ಒಂದು ದೊಡ್ಡ ಫೈಲ್ ಕಾಪಿ ಮಾಡಿ ನೋಡಿ. ಸೆಕೆಂಡಿಗೆ 40 ಮೆಗಾಬೈಟ್ (ಒಂದು ಬೈಟ್ ಅಂದರೆ 8 ಬಿಟ್) ಹತ್ತಿರವೇ ನಿಂತರೆ ಅದು ಯುಎಸ್‌ಬಿ 2.0 ಕೇಬಲ್. ನಾನು ಹಾಗೆ ಮಾಡಿ, ಪ್ರತಿಯೊಂದಕ್ಕೂ ವೇಗ ಬರೆದ ಚಿಕ್ಕ ಚೀಟಿ ಅಂಟಿಸಿದ್ದೇನೆ. ಆ ಮೊದಲನೆಯ ಬಿಳಿ ಕೇಬಲ್ ಈಗ ಫೋನ್ ಚಾರ್ಜಿಂಗಿಗೆ ಮಾತ್ರ.